ಬೆಳಗಿನ 5:30ರ ಮುಹೂರ್ತ: ರೋಲಪ್ ಅಪ್‌ಗ್ರೇಡ್‌ಗೆ ನೋಡ್ ನಡೆಸುವವರನ್ನು ಅಣಿಮಾಡುವುದು

ಬೆಂಗಳೂರಿನಲ್ಲಿ ನೋಡ್ ನಡೆಸುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳಿವು. ನೋಡ್ ಎಂದರೆ ಬ್ಲಾಕ್‌ಚೈನಿನ ಲೆಕ್ಕವನ್ನು ತಾನೇ ಇಟ್ಟು ತಾಳೆ ನೋಡುವ ಕಂಪ್ಯೂಟರ್. ರೋಲಪ್ ಎಂದರೆ ಎಥೀರಿಯಂ ಎಂಬ ಬ್ಲಾಕ್‌ಚೈನಿನ ಮೇಲೆ ಕಟ್ಟಿದ, ತನ್ನ ವ್ಯವಹಾರಗಳ ದತ್ತಾಂಶವನ್ನು ಅದರ ಮೇಲೆ ಬರೆಯುವ ಇನ್ನೊಂದು ಸರಪಳಿ. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿಯನ್ನು ಬಿಟ್ಟಿಲ್ಲ.

ಎಲ್ಲರಿಗೂ ನಮಸ್ಕಾರ.

2024ರ ಮಾರ್ಚ್ 14, ಗುರುವಾರ, ಬೆಳಗಿನ ಜಾವ 5 ಗಂಟೆ 30 ನಿಮಿಷ 1 ಸೆಕೆಂಡು. ಯುಟಿಸಿ ಲೆಕ್ಕದಲ್ಲಿ ಮಧ್ಯರಾತ್ರಿ ಕಳೆದು ಒಂದು ಸೆಕೆಂಡು. ಓಪಿ ಮೇನ್‌ನೆಟ್ ಎಂಬ ರೋಲಪ್‌ನಲ್ಲಿ ಎಕೋಟೋನ್ ಅಪ್‌ಗ್ರೇಡ್ ಜಾರಿಗೆ ಬಂದ ಹೊತ್ತು ಅದು. ಆ ಗಳಿಗೆಯಲ್ಲಿ ಯಾರೂ ಯಾವ ಗುಂಡಿಯನ್ನೂ ಒತ್ತಲಿಲ್ಲ. ಕಂಪ್ಯೂಟರುಗಳು 1970ರಿಂದ ಸೆಕೆಂಡು ಎಣಿಸುವ ಲೆಕ್ಕದಲ್ಲಿ ಆ ಹೊತ್ತನ್ನು ಸೂಚಿಸುವ 1710374401 ಎಂಬ ಸಂಖ್ಯೆಯನ್ನು ವಾರಗಳ ಮೊದಲೇ ಸಾಫ್ಟ್‌ವೇರಿನೊಳಗೆ ಬರೆದಿಟ್ಟಿದ್ದರು. ಆ ಸಮಯದ ಬ್ಲಾಕ್, ಅಂದರೆ ವ್ಯವಹಾರಗಳ ಕಂತೆ, ಬಂದಾಗ ಸಂಖ್ಯೆ ಗೊತ್ತಿದ್ದ ಯಂತ್ರಗಳು ಹೊಸ ನಿಯಮಕ್ಕೆ ಹೊರಳಿದವು. ಗೊತ್ತಿಲ್ಲದವು ಇದ್ದಲ್ಲೇ ಉಳಿದವು.

ಆ ಕೊನೆಯ ಒಂದು ಸೆಕೆಂಡು ಯಾಕೆ ಎಂದು ಆಗ ನನ್ನನ್ನು ಕೇಳಿದವರಿದ್ದರು. ಓಪಿ ಮೇನ್‌ನೆಟ್‌ನಲ್ಲಿ 2 ಸೆಕೆಂಡಿಗೊಂದು ಬ್ಲಾಕ್. 2023ರ ಜೂನ್ 6ರ ಬೆಡ್‌ರಾಕ್ ಅಪ್‌ಗ್ರೇಡ್‌ನಲ್ಲಿ ಹೊಸ ಸರಪಳಿ ಶುರುವಾದ ಸಮಯ 1686068903, ಅಂದರೆ ಬೆಸ ಸಂಖ್ಯೆ. ಅಲ್ಲಿಂದ ಎರಡೆರಡು ಕೂಡಿಸುತ್ತ ಬಂದರೆ ಪ್ರತಿ ಬ್ಲಾಕೂ ಬೆಸ ಸೆಕೆಂಡಿಗೇ ಬೀಳುತ್ತದೆ. ಇಂಥ ಸಣ್ಣ ವಿವರ ನನಗೆ ಇಷ್ಟ. ಮುಹೂರ್ತವನ್ನು ಯಾರೋ ಕಣ್ಣಂದಾಜಿನಲ್ಲಿ ಇಟ್ಟದ್ದಲ್ಲ, ಲೆಕ್ಕ ಹಾಕಿ ಇಟ್ಟದ್ದು ಎಂದು ಅದರಿಂದ ತಿಳಿಯುತ್ತದೆ.

ಮುಹೂರ್ತ ಎಲ್ಲರಿಗೂ ಒಂದೇ, ತಯಾರಿ ಮಾತ್ರ ಅವರವರದು. ಇವತ್ತು ನನಗೆ ಹೇಳಬೇಕಾಗಿರುವುದು ಈ ತಯಾರಿಯ ಬಗ್ಗೆ. ಸಾಫ್ಟ್‌ವೇರ್ ಬಿಡುಗಡೆಯಾದರೆ ಅಪ್‌ಗ್ರೇಡ್ ಸಿದ್ಧ ಎಂದು ತಂಡಗಳು ಅಂದುಕೊಳ್ಳುತ್ತವೆ. ನನ್ನ ಅನುಭವದಲ್ಲಿ ಪ್ರತಿ ಅಪ್‌ಗ್ರೇಡೂ ನೋಡ್ ನಡೆಸುವವರಿಂದ ಹೊಸ ಆವೃತ್ತಿಯ ಜೊತೆಗೆ ಬೇರೆ ಏನೋ ಒಂದನ್ನು ಕೇಳುತ್ತದೆ. ಆ ಒಂದು ಯಾವುದು ಎಂದು ಹುಡುಕಿ, ಅದನ್ನು ಸರಳವಾಗಿ, ಸಾಕಷ್ಟು ಮೊದಲೇ ಹೇಳಿ, ಆಮೇಲೆ ಅದು ನಿಜಕ್ಕೂ ಆಗಿದೆಯೇ ಎಂದು ನೋಡಬೇಕು. ಇದು ಬಿಡುಗಡೆಯಾದ ಮೇಲೆ ಮಾಡುವ ಪ್ರಚಾರದ ಕೆಲಸವಲ್ಲ. ಕೋಡ್ ಬರೆಯುವಷ್ಟೇ ಗಂಭೀರವಾದ ಎಂಜಿನಿಯರಿಂಗ್ ಎಂದೇ ನಾನು ನಂಬಿದ್ದೇನೆ.

ರೋಲಪ್ ಎಂದರೇನು ಎಂದು ಈ ಕೋಣೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಮುಂದಿನ ಮಾತಿಗೆ ಅದರ ಒಂದು ಭಾಗ ಬೇಕು. ಅಂಗಡಿಯವರು ಕಚ್ಚಾ ಬಿಲ್ಲು, ಪಕ್ಕಾ ಬಿಲ್ಲು ಅನ್ನುತ್ತಾರಲ್ಲ, ರೋಲಪ್ ನೋಡ್‌ನಲ್ಲೂ ಹಾಗೆ ಎರಡು ಲೆಕ್ಕ ನಡೆಯುತ್ತದೆ. ವ್ಯವಹಾರಗಳನ್ನು ಸಾಲಾಗಿ ಜೋಡಿಸುವ ಸೀಕ್ವೆನ್ಸರ್ ಬ್ಲಾಕ್ ಕಟ್ಟಿದ ಕೂಡಲೇ ಅದು ನೋಡ್‌ನಿಂದ ನೋಡ್‌ಗೆ ಹರಡಿ ನಮಗೆ ತಲುಪುತ್ತದೆ. ಅದು ಕಚ್ಚಾ. ನಮ್ಮ ಭಾಷೆಯಲ್ಲಿ ಅನ್‌ಸೇಫ್ ಹೆಡ್. ಆಮೇಲೆ ಬ್ಯಾಚರ್ ಆ ವ್ಯವಹಾರಗಳ ದತ್ತಾಂಶವನ್ನು ಎಥೀರಿಯಂ ಮೇಲೆ ಬರೆಯುತ್ತದೆ. ನಮ್ಮ ಯಂತ್ರದ ಓಪಿ-ನೋಡ್ ಎಂಬ ತಂತ್ರಾಂಶ ಅದನ್ನು ಅಲ್ಲಿಂದ ಓದಿ, ಅದೇ ಬ್ಲಾಕನ್ನು ತಾನೇ ಮತ್ತೆ ಕಟ್ಟಿ, ತಾಳೆಯಾದರೆ ಪಕ್ಕಾ ಪುಸ್ತಕಕ್ಕೆ ಏರಿಸುತ್ತದೆ. ಅದು ಸೇಫ್ ಹೆಡ್. ಯಾರನ್ನೂ ನಂಬದೆ ನಾವೇ ಲೆಕ್ಕ ಒಪ್ಪಿಸಿಕೊಳ್ಳುವುದು ಈ ಎರಡನೆಯ ಹಂತದಲ್ಲಿ. ನೋಡ್ ನಡೆಸುವುದೇ ಇದಕ್ಕಾಗಿ.

ಎಕೋಟೋನ್‌ನಲ್ಲಿ ಬದಲಾದದ್ದು ಈ ಹಂತವೇ. ಅದಕ್ಕೆ ಮೊದಲು ಬ್ಯಾಚರ್ ಬರೆಯುತ್ತಿದ್ದದ್ದು ಎಥೀರಿಯಂನ ಸಾಮಾನ್ಯ ವ್ಯವಹಾರಗಳ ಜೊತೆ ಹೋಗುವ ದತ್ತಾಂಶದಲ್ಲಿ, ಅಂದರೆ ಕಾಲ್‌ಡೇಟಾದಲ್ಲಿ. ಓದಲು ಎಥೀರಿಯಂನಲ್ಲಿ ವ್ಯವಹಾರಗಳನ್ನು ನಡೆಸುವ ತಂತ್ರಾಂಶವಾದ ಎಕ್ಸಿಕ್ಯೂಷನ್ ಕ್ಲೈಂಟ್‌ನ ಆರ್‌ಪಿಸಿ ವಿಳಾಸ, ಅಂದರೆ ಅದಕ್ಕೆ ಪ್ರಶ್ನೆ ಕಳಿಸುವ ವಿಳಾಸ, ಒಂದಿದ್ದರೆ ಸಾಕಾಗಿತ್ತು. ಮಾರ್ಚ್ 13ರಂದು ನಮ್ಮ ಸಮಯ ಸಂಜೆ 7:25ಕ್ಕೆ ಎಥೀರಿಯಂನಲ್ಲಿ ಡೆಂಕುನ್ ಎಂಬ ಅಪ್‌ಗ್ರೇಡ್ ಬಂತು. ಇಐಪಿ-4844 ಎಂಬ ಪ್ರಸ್ತಾವದ ಬ್ಲಾಬ್‌ಗಳು, ಅಂದರೆ ಕೆಲವು ದಿನ ಮಾತ್ರ ಕಾಪಾಡುವ ದತ್ತಾಂಶದ ಮೂಟೆಗಳು, ಬಂದವು. ಒಂದೊಂದೂ 128 ಕೆಬಿ, ಕಾಲ್‌ಡೇಟಾಗಿಂತ ತುಂಬಾ ಅಗ್ಗ. ಹತ್ತು ಗಂಟೆಯ ನಂತರ ಎಕೋಟೋನ್ ಜಾರಿಯಾಗಿ, ರೋಲಪ್‌ಗೆ ಆ ಬ್ಲಾಬ್‌ಗಳನ್ನು ಬಳಸುವ ದಾರಿ ತೆರೆಯಿತು. ಆದರೆ ಬ್ಲಾಬ್ ಇರುವುದು ಎಕ್ಸಿಕ್ಯೂಷನ್ ಕ್ಲೈಂಟ್ ಬಳಿ ಅಲ್ಲ, ಎಥೀರಿಯಂನ ಒಮ್ಮತ ನೋಡಿಕೊಳ್ಳುವ ಬೀಕನ್ ನೋಡ್ ಬಳಿ. ಹಾಗಾಗಿ ಓಪಿ-ನೋಡ್‌ಗೆ ಎರಡನೆಯ ವಿಳಾಸ ಬೇಕಾಯಿತು. ಎಲ್1 ಬೀಕನ್ ಎಂಬ ಒಂದು ಫ್ಲ್ಯಾಗ್, ಸಂರಚನೆಯಲ್ಲಿ ಒಂದೇ ಒಂದು ಸಾಲು.

ನಾನು ಹೇಳಿದ ಆ ಒಂದು ಇದೇ. ಬಿಡುಗಡೆ ಟಿಪ್ಪಣಿಯ ಹತ್ತು ವಿಷಯಗಳ ನಡುವೆ ಇದೂ ಇತ್ತು. ಆದರೆ ಉಳಿದವೆಲ್ಲ ಪ್ರೋಟೋಕಾಲ್ ತಾನಾಗಿ ಮಾಡಿಕೊಳ್ಳುವ ಕೆಲಸ. ಮನುಷ್ಯರು ಕೈಯಾರೆ ಮಾಡಬೇಕಾದದ್ದು ಇದೊಂದೇ.

ನಮ್ಮಲ್ಲಿ ಏನಾಯಿತು ಎಂದು ಹೇಳುತ್ತೇನೆ. ಮುಖ್ಯ ಜಾಲಕ್ಕಿಂತ ಮೂರು ವಾರ ಮೊದಲು, ಫೆಬ್ರುವರಿ 21ರ ರಾತ್ರಿ 10:30ಕ್ಕೆ, ಸೆಪೋಲಿಯಾ ಪರೀಕ್ಷಾ ಜಾಲದಲ್ಲಿ ಎಕೋಟೋನ್ ಜಾರಿಯಾಯಿತು. ನಾವು ಮೂವರು ಕಾದು ಕೂತಿದ್ದೆವು. ಹೊಸ ಆವೃತ್ತಿ ಹಾಕಿತ್ತು, ಬೀಕನ್ ವಿಳಾಸ ಕೊಟ್ಟಿತ್ತು, ಫಲಕದ ತುಂಬ ಹಸಿರು. ಬ್ಲಾಕ್ ಸಂಖ್ಯೆ ಏರುತ್ತಲೇ ಇತ್ತು. ನೆಮ್ಮದಿಯಿಂದ ಮನೆಗೆ ಹೋದೆವು. ಎರಡು ದಿನ ಬಿಟ್ಟು ನಮ್ಮ ಜೊತೆಯ ಹುಡುಗಿಯೊಬ್ಬಳು ಬೇರೆ ಯಾವುದೋ ಕೆಲಸಕ್ಕೆ, ನೋಡ್ ಎಲ್ಲಿಯವರೆಗೆ ಬಂದಿದೆ ಎಂದು ತೋರಿಸುವ ಸಿಂಕ್ ಸ್ಟೇಟಸ್ ತೆಗೆದು ನೋಡಿ, "ಸರ್, ಸೇಫ್ ಹೆಡ್ ಯಾಕೆ ಅಲ್ಲೇ ನಿಂತಿದೆ?" ಎಂದು ಕೇಳಿದಳು. ನೋಡಿದರೆ ಕಚ್ಚಾ ಲೆಕ್ಕ ಓಡುತ್ತಿದೆ, ಪಕ್ಕಾ ಲೆಕ್ಕ ನಿಂತಲ್ಲೇ ನಿಂತಿದೆ.

ಕಾರಣ ಹುಡುಕಿದೆವು. ಓಪಿ-ನೋಡ್ ಏಳುವಾಗ ಬೀಕನ್ ವಿಳಾಸ ಬದುಕಿದೆಯೇ ಎಂದು ಒಮ್ಮೆ ವಿಚಾರಿಸುತ್ತದೆ. ನಿನ್ನ ಆವೃತ್ತಿ ಯಾವುದು ಎಂದು ಕೇಳುತ್ತದೆ, ಅಷ್ಟೇ. ನಾವು ದುಡ್ಡು ಕೊಟ್ಟು ಬಳಸುತ್ತಿದ್ದ ಸೇವೆ ಆ ಪ್ರಶ್ನೆಗೆ ಸರಿಯಾಗಿ ಉತ್ತರಿಸಿತ್ತು. ಆದರೆ ಬ್ಲಾಬ್ ಕೇಳಿದರೆ ಅವರ ಬಳಿ ಇರಲಿಲ್ಲ. ಬಾಗಿಲು ತಟ್ಟಿದರೆ ಓಗೊಡುತ್ತಾರೆ, ಒಳಗೆ ಸರಕಿಲ್ಲ. ಜಾರಿಯಾದ ಕ್ಷಣದಲ್ಲಿ ಇದು ಗೊತ್ತಾಗುವ ಮಾತೇ ಇಲ್ಲ, ಯಾಕೆಂದರೆ ಬ್ಯಾಚರ್ ಬ್ಲಾಬ್‌ಗೆ ಹೊರಳುವುದು ಅದಾದ ಮೇಲೆ. ಕಾಲ್‌ಡೇಟಾ ಬರುತ್ತಿರುವವರೆಗೆ ಎಲ್ಲವೂ ಸರಿ, ಮೊದಲ ಬ್ಲಾಬ್ ಬಂದಲ್ಲಿ ಓದು ನಿಲ್ಲುತ್ತದೆ.

ಇದು ಪರೀಕ್ಷಾ ಜಾಲವಾಗಿತ್ತು, ಯಾರ ದುಡ್ಡೂ ಸಿಕ್ಕಿಕೊಳ್ಳಲಿಲ್ಲ. ಮುಖ್ಯ ಜಾಲದಲ್ಲಿ ಹೀಗಾಗಿದ್ದರೆ? ನಮ್ಮ ನೋಡ್ ನಂಬಿಕೊಂಡು ಬೇರೊಂದು ವಿನಿಮಯ ಕೇಂದ್ರ ಗ್ರಾಹಕರ ಖಾತೆಗೆ ಹಣ ಜಮೆ ಮಾಡುತ್ತಿತ್ತು. ಎಚ್ಚರಿಕೆಯವರು ಸೇಫ್ ಆಗುವವರೆಗೆ ಕಾಯುತ್ತಾರೆ, ಆಗ ಗ್ರಾಹಕರ ಹಣ ಕಾಣದಾಗುತ್ತದೆ. ಆತುರದವರು ಕಚ್ಚಾ ಲೆಕ್ಕಕ್ಕೇ ಜಮೆ ಮಾಡುತ್ತಾರೆ, ಅದು ಇನ್ನೂ ಕೆಟ್ಟದ್ದು. ಊರಿಗೆ ಹಣ ಕಳಿಸಿ ಫೋನಿನ ಪರದೆ ನೋಡುತ್ತ ಕೂತ ಮನುಷ್ಯನಿಗೆ ಎಕೋಟೋನ್ ಎಂಬ ಹೆಸರೂ ಗೊತ್ತಿರುವುದಿಲ್ಲ. ನಮ್ಮ ಸಂರಚನೆಯ ಒಂದು ಸಾಲಿನ ತಪ್ಪಿಗೆ ಅವನ ರಾತ್ರಿ ಹಾಳಾಗಬಾರದು. ನಾನು ಈ ವಿಷಯವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಅದು.

ಆ ಮೂರು ವಾರದಲ್ಲಿ ನಾವು ಕಲಿತದ್ದು ದೊಡ್ಡದು. ಮೊದಲನೆಯದಾಗಿ, ಆಯಿತೇ ಎಂದು ಕೇಳುವುದನ್ನು ಬಿಟ್ಟೆವು. ಕೇಳಿದರೆ ಎಲ್ಲರೂ ಆಯಿತು ಎನ್ನುತ್ತಾರೆ, ಪ್ರಾಮಾಣಿಕವಾಗಿಯೇ ಎನ್ನುತ್ತಾರೆ. ನಾವೂ ಫೆಬ್ರುವರಿ 21ರ ರಾತ್ರಿ ಹಾಗೇ ಹೇಳಿದ್ದೆವು. ಅದರ ಬದಲು ಪುರಾವೆ ಕೇಳತೊಡಗಿದೆವು. ಓಪಿ-ನೋಡ್ ಜೊತೆ ಓಡುತ್ತ ವ್ಯವಹಾರಗಳನ್ನು ನಡೆಸುವ ತಂತ್ರಾಂಶ ಓಪಿ-ಗೆಥ್. ಅದು ಏಳುವಾಗ ತನಗೆ ಗೊತ್ತಿರುವ ಅಪ್‌ಗ್ರೇಡ್‌ಗಳನ್ನೂ ಅವುಗಳ ಸಮಯವನ್ನೂ ಲಾಗ್‌ನಲ್ಲಿ ಬರೆಯುತ್ತದೆ. ಓಪಿ-ನೋಡ್‌ಗೆ ರೋಲಪ್ ಸಂರಚನೆ ಕೊಡು ಎಂದು ಆರ್‌ಪಿಸಿ ಮೂಲಕ ಕೇಳಬಹುದು. ಎರಡರಲ್ಲೂ 1710374401 ಕಾಣಬೇಕು. ಆ ಎರಡು ಸಾಲು ಕಳಿಸಿ, ಜೊತೆಗೆ ನಿಮ್ಮ ಸೆಪೋಲಿಯಾ ಬೀಕನ್ ವಿಳಾಸದಿಂದ ಇವತ್ತಿನ ಯಾವುದಾದರೂ ಒಂದು ಬ್ಲಾಬ್ ತಂದು ತೋರಿಸಿ ಎಂದೆವು. ಕೇಳಿದ್ದು ಇಷ್ಟೇ. ಐದು ನಿಮಿಷದ ಕೆಲಸ.

ಎರಡರಲ್ಲೂ ಎಂದು ಯಾಕೆ ಒತ್ತಿ ಹೇಳಿದೆ? ಓಪಿ-ನೋಡ್, ಓಪಿ-ಗೆಥ್ ಎರಡೂ ಜೋಡೆತ್ತು. ಒಂದನ್ನು ಹೊಸದು ಮಾಡಿ ಇನ್ನೊಂದನ್ನು ಹಳೆಯದೇ ಬಿಟ್ಟರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. ಬಹಳ ಜನ ಎಡವುವುದು ಇಲ್ಲಿಯೇ, ಯಾಕೆಂದರೆ ಎರಡರ ಆವೃತ್ತಿ ಸಂಖ್ಯೆಗಳಿಗೂ ಸಂಬಂಧವೇ ಕಾಣುವುದಿಲ್ಲ. ಓಪಿ-ಗೆಥ್ 1.101308 ಎಂದಿದ್ದರೆ ಅದರ ಹೊಟ್ಟೆಯೊಳಗೆ ಎಥೀರಿಯಂನ ಮೂಲ ಗೆಥ್ ತಂತ್ರಾಂಶದ 1.13.8 ಇದೆ ಎಂದು ಅರ್ಥ. ಇದನ್ನು ಮೊದಲ ಸಲ ನೋಡಿದವರಿಗೆ ಯಾವುದು ಯಾವುದರ ಜೋಡಿ ಎಂದು ಹೇಗೆ ಗೊತ್ತಾಗಬೇಕು? ಸಂದೇಶದಲ್ಲಿ ಜೋಡಿಯನ್ನೇ ಒಟ್ಟಿಗೆ ಬರೆಯಿರಿ. ಮೂರನೆಯದನ್ನೂ ಮರೆಯಬೇಡಿ. ಕೆಳಗಿರುವ ಎಥೀರಿಯಂ ನೋಡ್ ನೀವೇ ನಡೆಸುವುದಾದರೆ ಅದರ ಎರಡೂ ಕ್ಲೈಂಟ್‌ಗಳು ಡೆಂಕುನ್‌ಗೆ ಮೊದಲೇ ಹೊಸದಾಗಿರಬೇಕಿತ್ತು. ಅಡಿಪಾಯ ಹತ್ತು ಗಂಟೆ ಮೊದಲು ಬದಲಾಗುತ್ತದೆ, ಮಹಡಿ ಆಮೇಲೆ.

ಸಂದೇಶದ ಭಾಷೆಯ ಬಗ್ಗೆ ಒಂದು ಮಾತು. ಹುಬ್ಬಳ್ಳಿಯಲ್ಲಿ ಮನೆಯಿಂದಲೇ ನೋಡ್ ನಡೆಸುವ ಗೆಳೆಯರೊಬ್ಬರಿದ್ದಾರೆ. ಅವರಿಗೆ ನಾನು ಮೊದಲು ಕಳಿಸಿದ ಟಿಪ್ಪಣಿ ಎರಡು ಪುಟ ಇತ್ತು. ಬ್ಲಾಬ್ ಯಾಕೆ ಅಗ್ಗ, ಶುಲ್ಕದ ಸೂತ್ರ ಹೇಗೆ ಬದಲಾಗುತ್ತದೆ, ಎಲ್ಲ ಇತ್ತು. ಅವರು ಓದಿ, "ಇದೆಲ್ಲ ಚಲೋ ಐತ್ರಿ, ನಾ ಏನ್ ಮಾಡ್ಬೇಕು ಅದನ್ನ ಹೇಳ್ರಿ" ಎಂದರು. ಆ ಮಾತು ನನಗೆ ನಾಟಿತು. ಆವತ್ತಿನಿಂದ ಮೊದಲ ಸಾಲಿನಲ್ಲೇ ಮಾಡಬೇಕಾದ ಕೆಲಸ ಬರೆಯುತ್ತೇನೆ. ಅದರ ಕೆಳಗೆ ಯಾವಾಗಿನೊಳಗೆ, ನಮ್ಮ ಸಮಯದಲ್ಲಿ. ಯುಟಿಸಿ ಬರೆದು ಬಿಟ್ಟರೆ ಮಾರ್ಚ್ 14ರ 00:00 ಎಂಬುದನ್ನು 14ರ ರಾತ್ರಿ ಎಂದು ಓದಿಕೊಂಡವರು ನನಗೇ ಗೊತ್ತು. ಅವರ ಪಾಲಿಗೆ ಅಪ್‌ಗ್ರೇಡ್ ಒಂದು ದಿನ ಮೊದಲೇ ಬಂದುಬಿಟ್ಟಿತು. ಆಮೇಲೆ, ಆಯಿತು ಎಂದು ಹೇಗೆ ತಿಳಿಯುವುದು, ತಪ್ಪಿದರೆ ಯಾರನ್ನು ಕೇಳುವುದು. ಯಾಕೆ ಎಂಬ ವಿವರಣೆ ಕೊನೆಗೆ, ಬೇಕಾದವರು ಓದುತ್ತಾರೆ.

ಎಲ್ಲ ಅಪ್‌ಗ್ರೇಡೂ ಒಂದೇ ತೂಕದ್ದಲ್ಲ ಎಂಬುದನ್ನೂ ಹೇಳಬೇಕು. ಬೆಡ್‌ರಾಕ್ ಬೇರೆಯದೇ ಕಥೆ. ಅಲ್ಲಿ ಸರಪಳಿಯನ್ನೇ ಕೆಲವು ಗಂಟೆ ನಿಲ್ಲಿಸಿ, ಹಳೆಯ ಎಲ್2ಗೆಥ್ ಬಿಟ್ಟು ಎರಡು ಹೊಸ ತಂತ್ರಾಂಶಗಳಿಗೆ ಹೋಗಬೇಕಾಗಿತ್ತು. ದತ್ತಾಂಶವನ್ನೇ ಬದಲಿಸಿ ಇಳಿಸಿಕೊಳ್ಳಬೇಕಿತ್ತು. 105235063ನೇ ಬ್ಲಾಕಿಗಿಂತ ಹಿಂದಿನ ಸ್ಥಿತಿಯ ಮೇಲೆ ಏನಾದರೂ ಲೆಕ್ಕ ಓಡಿಸಿ ನೋಡಬೇಕಾದವರು ಆ ಹಳೆಯ ಎಲ್2ಗೆಥ್ ಅನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕಿತ್ತು. ಅಂಥದ್ದಕ್ಕೆ ಜನ ತಾವಾಗಿಯೇ ಎಚ್ಚರವಾಗಿರುತ್ತಾರೆ. ಮನೆ ಬದಲಿಸುವ ದಿನ ಯಾರೂ ಮೈಮರೆಯುವುದಿಲ್ಲ. ಸಣ್ಣದು, ಒಂದೇ ಸಾಲಿನದು ಅನ್ನಿಸುವ ಅಪ್‌ಗ್ರೇಡ್‌ಗಳಲ್ಲೇ ನಾನು ಹೆಚ್ಚು ಪೆಟ್ಟು ನೋಡಿದ್ದೇನೆ.

ಸಂರಚನೆಯ ಒಂದು ಸಾಲು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2025ರ ಫೆಬ್ರುವರಿ 24ರ ಹೊಲೆಸ್ಕಿ ಸಾಕು. ಅದು ರೋಲಪ್ ಅಲ್ಲ, ಎಥೀರಿಯಂನದೇ ಪರೀಕ್ಷಾ ಜಾಲ. ಪೆಕ್ಟ್ರಾ ಅಪ್‌ಗ್ರೇಡ್ ಅಲ್ಲಿ ಜಾರಿಯಾದ ಕೂಡಲೇ ಸರಪಳಿ ಸೀಳಿತು. ಗೆಥ್, ನೆದರ್‌ಮೈಂಡ್, ಬೇಸು ಎಂಬ ಮೂರು ಎಕ್ಸಿಕ್ಯೂಷನ್ ಕ್ಲೈಂಟ್‌ಗಳಲ್ಲೂ ಹೊಲೆಸ್ಕಿಯ ಠೇವಣಿ ಕಾಂಟ್ರ್ಯಾಕ್ಟ್‌ನ ವಿಳಾಸ ತಪ್ಪಾಗಿತ್ತು. ಹೆಚ್ಚಿನವರು ಬಳಸುತ್ತಿದ್ದದ್ದು ಆ ಮೂರನ್ನೇ, ಹಾಗಾಗಿ ಬಹುಮತವೇ ತಪ್ಪು ದಾರಿ ಹಿಡಿಯಿತು. ಫೈನಾಲಿಟಿ, ಅಂದರೆ ಬ್ಲಾಕ್‌ಗಳು ಇನ್ನು ಬದಲಾಗವು ಎಂಬ ಖಾತ್ರಿ, ಮತ್ತೆ ಬಂದದ್ದು ಮಾರ್ಚ್ 10ಕ್ಕೆ. ಅದರ ಬೆನ್ನಿಗೆ, ಪೆಕ್ಟ್ರಾವನ್ನು ಸರಿಯಾಗಿ ಪರೀಕ್ಷಿಸಲೆಂದು, ಹೂಡಿ ಎಂಬ ಹೊಸ ಪರೀಕ್ಷಾ ಜಾಲವನ್ನೇ ಎಬ್ಬಿಸಬೇಕಾಯಿತು. ವೈಟ್‌ಫೀಲ್ಡ್ ಪಕ್ಕದ ನಮ್ಮ ಹೂಡಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ತಪ್ಪಿದ್ದು ನಿಯಮ ಬರೆದ ಕೋಡ್ ಅಲ್ಲ, ಒಂದು ವಿಳಾಸ.

ಅದೇ ಪೆಕ್ಟ್ರಾ ನಮ್ಮ ಕಡೆಯೂ ಒಂದು ಪಾಠ ಕಲಿಸಿತು. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಥೀರಿಯಂನ ಬ್ಲಾಬ್ ಶುಲ್ಕ ಎಷ್ಟು ಎಂಬುದನ್ನು ಓಪಿ ಮೇನ್‌ನೆಟ್‌ನಂಥ ಓಪಿ ಸರಪಳಿಗಳು ತಮ್ಮ ಪ್ರತಿ ಬ್ಲಾಕಿನ ಮೊದಲ ವ್ಯವಹಾರದಲ್ಲಿ ಬರೆದುಕೊಳ್ಳುತ್ತವೆ. ಬ್ಲಾಕ್ ಒಂದಕ್ಕೆ ಬ್ಲಾಬ್‌ಗಳ ಗುರಿಯನ್ನು ಪೆಕ್ಟ್ರಾ 3ರಿಂದ 6ಕ್ಕೆ, ಮಿತಿಯನ್ನು 6ರಿಂದ 9ಕ್ಕೆ ಏರಿಸಿತು, ಶುಲ್ಕದ ಲೆಕ್ಕವೂ ಬದಲಾಯಿತು. ಮಾರ್ಚ್ 5ರಂದು ಸೆಪೋಲಿಯಾಗೆ ಪೆಕ್ಟ್ರಾ ಬಂದಾಗ ಓಪಿ-ನೋಡ್ ಹಳೆಯ ಲೆಕ್ಕವನ್ನೇ ಹಾಕುತ್ತಿತ್ತು. ತಪ್ಪು ಗೊತ್ತಾಯಿತು. ಆದರೆ ಸುಮ್ಮನೆ ಸರಿ ಮಾಡುವಂತಿಲ್ಲ! ಆಗಲೇ ಕಟ್ಟಿದ ಬ್ಲಾಕ್‌ಗಳಲ್ಲಿ ಆ ತಪ್ಪು ಲೆಕ್ಕ ಕೂತುಬಿಟ್ಟಿದೆ. ಒಬ್ಬರು ತಿದ್ದಿಕೊಂಡು ಇನ್ನೊಬ್ಬರು ತಿದ್ದಿಕೊಳ್ಳದಿದ್ದರೆ ಇಬ್ಬರ ಸರಪಳಿಯೂ ಬೇರೆಯಾಗುತ್ತದೆ. ಹಾಗಾಗಿ ತಿದ್ದುಪಡಿಗೇ ಒಂದು ಮುಹೂರ್ತ ಇಟ್ಟರು. ಮಾರ್ಚ್ 20, ನಮ್ಮ ರಾತ್ರಿ 9:30, ಸಂಖ್ಯೆ 1742486400. ಅಲ್ಲಿಯವರೆಗೆ ತಪ್ಪು ಲೆಕ್ಕವೇ ನಿಯಮ, ಅಲ್ಲಿಂದ ಮುಂದೆ ಸರಿಯಾದದ್ದು. ಯಾರದೋ ನೋಡ್ ಮಾತ್ರ ಮೊದಲೇ ಸರಿಯಾದರೆ ಅದೇ ತಪ್ಪು.

ಇಲ್ಲಿ ಗಮನಿಸಬೇಕಾದದ್ದು, ನಮ್ಮ ರೋಲಪ್‌ನಲ್ಲಿ ಅಪ್‌ಗ್ರೇಡ್ ಇಲ್ಲದಿದ್ದರೂ ಕೆಳಗಿನ ಎಥೀರಿಯಂ ಬದಲಾದರೆ ನಮಗೆ ಕೆಲಸ ಬೀಳುತ್ತದೆ. ನೋಡ್ ನಡೆಸುವವರಿಗೆ ಕೊಡುವ ದಿನಪಟ್ಟಿಯಲ್ಲಿ ರೋಲಪ್‌ನ ತಾರೀಖುಗಳು ಮಾತ್ರ ಇದ್ದರೆ ಅದು ಅರ್ಧ ದಿನಪಟ್ಟಿ.

2025ರ ಡಿಸೆಂಬರ್ ಇದನ್ನು ಇನ್ನಷ್ಟು ಸ್ಪಷ್ಟಮಾಡಿತು. ಡಿಸೆಂಬರ್ 2ರ ರಾತ್ರಿ 9:30ಕ್ಕೆ ಓಪಿ ಸರಪಳಿಗಳಲ್ಲಿ ಜೋವಿಯನ್ ಅಪ್‌ಗ್ರೇಡ್, ಮರುದಿನದ ರಾತ್ರಿ ಕಳೆದು 4ರ ಬೆಳಗಿನ ಜಾವ 3:19ಕ್ಕೆ ಎಥೀರಿಯಂನಲ್ಲಿ ಫುಸಾಕಾ ಅಪ್‌ಗ್ರೇಡ್. ಈ ಸಲ ಮಹಡಿ ಮೊದಲು, ಅಡಿಪಾಯ ಆಮೇಲೆ. ಫುಸಾಕಾದೊಂದಿಗೆ ಬಂದ ಪೀರ್‌ಡಾಸ್ ಎಂಬ ವಿಧಾನದಲ್ಲಿ ಬ್ಲಾಬ್ ದತ್ತಾಂಶವನ್ನು 128 ಕಾಲಮ್‌ಗಳಾಗಿ ಹಂಚುತ್ತಾರೆ, ಸಾಮಾನ್ಯ ಬೀಕನ್ ನೋಡ್ ಅವುಗಳಲ್ಲಿ ಕೆಲವನ್ನಷ್ಟೇ ಇಟ್ಟುಕೊಳ್ಳುತ್ತದೆ. ಎಥೀರಿಯಂಗೆ ಇದು ದೊಡ್ಡ ಅನುಕೂಲ. ನಮಗೆ? ಎಕೋಟೋನ್‌ಗಾಗಿ ಕೊಟ್ಟಿದ್ದ ಬೀಕನ್ ವಿಳಾಸ ಅದೇ ಇದೆ, ಫ್ಲ್ಯಾಗ್ ಅದೇ ಇದೆ, ಆದರೆ ಆ ವಿಳಾಸದಲ್ಲಿ ಈಗ ಪೂರ್ತಿ ಬ್ಲಾಬ್ ಇಲ್ಲ. ಪೂರ್ತಿ ಬ್ಲಾಬ್ ಮತ್ತೆ ಕಟ್ಟಲು ಕನಿಷ್ಠ 64 ಕಾಲಮ್ ಬೇಕು. ಬೀಕನ್ ನೋಡ್ ನಾವೇ ನಡೆಸುವುದಾದರೆ ಅದನ್ನು ಎಲ್ಲ ಕಾಲಮ್ ಇಟ್ಟುಕೊಳ್ಳುವ ಸೂಪರ್‌ನೋಡ್ ಆಗಿಯೋ ಅರ್ಧ ಇಟ್ಟುಕೊಳ್ಳುವ ಅರೆ-ಸೂಪರ್‌ನೋಡ್ ಆಗಿಯೋ ಓಡಿಸಬೇಕು. ಅಂದರೆ ಡಿಸ್ಕ್ ಬೇಕು, ಬ್ಯಾಂಡ್‌ವಿಡ್ತ್ ಬೇಕು. ಡಿಸೆಂಬರ್ 9ರಂದು ಬ್ಲಾಬ್ ಗುರಿ 10, ಮಿತಿ 15 ಆಯಿತು. 2026ರ ಜನವರಿ 7ರಂದು 14 ಮತ್ತು 21. ಇದು ಬಟನ್ ಒತ್ತಿ ಪಡೆಯುವ ಆವೃತ್ತಿ ಅಲ್ಲ, ದುಡ್ಡು ಖರ್ಚು ಮಾಡಿ ಯಂತ್ರ ತರುವ ಕೆಲಸ. ಮನೆಯಲ್ಲಿ ನೋಡ್ ನಡೆಸುವವರಿಗೆ ಇದನ್ನು ಎರಡು ದಿನ ಮೊದಲು ಹೇಳಿದರೆ ಅದು ಅನ್ಯಾಯ. ತಿಂಗಳುಗಳ ಮೊದಲು ಹೇಳಬೇಕು.

ಜಾರಿಯಾಗುವ ಹೊತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಲ್ಲಿ ಮಾಡಲು ಹೆಚ್ಚೇನೂ ಇರಬಾರದು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಸ್ಥಿತಿ ಬಂದರೆ ಆಗಲೇ ಸೋತಂತೆ. ಒಂದು ಕುತೂಹಲದ ವಿಷಯ ಮಾತ್ರ: ಎಕೋಟೋನ್ ಜಾರಿಯಾದ ಆ ಮೊದಲ ಬ್ಲಾಕಿನಲ್ಲಿ ಬಳಕೆದಾರರ ವ್ಯವಹಾರ ಒಂದೂ ಇರಲಿಲ್ಲ. ಎಂದಿನ ಮೊದಲ ವ್ಯವಹಾರದ ಜೊತೆ, ಹೊಸ ಕಾಂಟ್ರ್ಯಾಕ್ಟ್‌ಗಳನ್ನು ಕೂರಿಸುವ ಆರು ವ್ಯವಹಾರಗಳನ್ನು ಪ್ರೋಟೋಕಾಲೇ ಸೇರಿಸಿತು. ಆವತ್ತು ನಾನು ಮೊದಲು ನೋಡಿದ್ದು ಆ ಬ್ಲಾಕಿನ ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಗುರುತು. ನಮ್ಮ ಹ್ಯಾಶ್, ಹುಬ್ಬಳ್ಳಿಯವರ ಹ್ಯಾಶ್, ಸರಪಳಿಯನ್ನು ಎಲ್ಲರಿಗೂ ತೋರಿಸುವ ಎಕ್ಸ್‌ಪ್ಲೋರರ್ ಜಾಲತಾಣದ ಹ್ಯಾಶ್ ಮೂರೂ ಒಂದೇ ಇತ್ತು. ಆದರೆ ಎದ್ದು ಹೋಗಲಿಲ್ಲ. ಸೆಪೋಲಿಯಾದ ನೆನಪಿತ್ತಲ್ಲ. ಬ್ಯಾಚರ್‌ನ ಮೊದಲ ಬ್ಲಾಬ್ ಬಂದು, ಸೇಫ್ ಹೆಡ್ ಅದನ್ನು ದಾಟಿ ಮುಂದೆ ಹೋಗುವವರೆಗೆ ಕೂತಿದ್ದೆವು. ಹುಬ್ಬಳ್ಳಿಯಿಂದ "ದಾಟ್ತ್ರಿ" ಎಂದು ಒಂದೇ ಪದದ ಸಂದೇಶ ಬಂತು. ಅಷ್ಟು ಖುಷಿ ಕೊಟ್ಟ ಸಂದೇಶಗಳು ನನ್ನ ಫೋನಿನಲ್ಲಿ ಕಡಿಮೆ.

ಮಾತು ಮುಗಿದ ಮೇಲೆ ಮೂರು ಪ್ರಶ್ನೆ ಬಂದವು.

ಅಪ್‌ಗ್ರೇಡ್‌ಗೆ ರೋಲಪ್‌ನ ಆಡಳಿತ ಮತದಾನದಲ್ಲಿ ಒಪ್ಪಿಗೆಯಾದ ಮೇಲೆ ಎಲ್ಲರೂ ಬದಲಾಗಲೇಬೇಕಲ್ಲವೇ ಎಂದು ಒಬ್ಬರು ಕೇಳಿದರು. ಮತದಾನದಿಂದ ಒಪ್ಪಿಗೆ ಸಿಗುತ್ತದೆ, ಯಾರ ಸರ್ವರ್‌ನಲ್ಲೂ ಸಾಫ್ಟ್‌ವೇರ್ ತಾನಾಗಿ ಬದಲಾಗುವುದಿಲ್ಲ. ಒಪ್ಪಿಗೆ ಮತ್ತು ಮುಹೂರ್ತದ ನಡುವಿನ ದಿನಗಳೇ ನಮ್ಮ ಕೆಲಸದ ದಿನಗಳು.

ತಪ್ಪಿಸಿಕೊಂಡವರು ಆಮೇಲೆ ಹೊಸ ಆವೃತ್ತಿ ಹಾಕಿದರೆ ಸರಿಹೋಗುತ್ತದೆಯೇ ಎಂದು ಇನ್ನೊಬ್ಬರು. ನೋಡ್ ಸುಮ್ಮನೆ ನಿಂತಿದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಳೆಯ ನಿಯಮದಲ್ಲೇ ಮುಂದೆ ಹೋಗಿದ್ದರೆ ಹಿಂದಕ್ಕೆ ಎಳೆದು ತರಬೇಕು, ಅಥವಾ ಮೊದಲೇ ತೆಗೆದಿಟ್ಟ ಸ್ನ್ಯಾಪ್‌ಶಾಟ್‌ನಿಂದ ಏಳಿಸಬೇಕು. ಒಂದು ಗಡುವು ಮಾತ್ರ ಮರೆಯಬೇಡಿ. ಬ್ಲಾಬ್‌ಗಳನ್ನು ಬೀಕನ್ ನೋಡ್‌ಗಳು ಕಾಪಾಡಬೇಕಾದದ್ದು 4096 ಎಪೋಕ್, ಅಂದರೆ ಸುಮಾರು 18 ದಿನ. ಅಷ್ಟು ದಿನ ಹಿಂದೆ ಬಿದ್ದ ನೋಡ್‌ಗೆ ಹಳೆಯ ಬ್ಲಾಬ್ ಕೂಡಿಟ್ಟಿರುವ ಬೇರೆ ಕಡೆಯ ವಿಳಾಸ ಕೊಡಬೇಕಾಗುತ್ತದೆ.

ಕೊನೆಗೆ ಹಿಂದಿನ ಸಾಲಿನ ಹುಡುಗ, ಇನ್ನೂ ಓದುತ್ತಿರುವವನಂತೆ ಕಂಡ, "ನಾಳೆ ಬೆಳಿಗ್ಗೆ ಹೋಗಿ ಮೊದಲು ಏನು ಮಾಡಲಿ?" ಎಂದ. ನಿನ್ನ ಬೀಕನ್ ವಿಳಾಸಕ್ಕೆ ಹೋಗಿ 17 ದಿನ ಹಿಂದಿನ ಒಂದು ಸ್ಲಾಟ್‌ನ, ಅಂದರೆ ಒಂದು ಬ್ಲಾಕಿನ ಸರದಿಯ, ಬ್ಲಾಬ್‌ಗಳನ್ನು ಕೇಳು ಎಂದೆ. ಆ ಬ್ಲಾಕಿನಲ್ಲಿ ಎಷ್ಟು ಬ್ಲಾಬ್ ಇತ್ತು ಎಂದು ನೋಡು, ನಿನ್ನ ಕೈಗೆ ಎಷ್ಟು ಬಂತು ಎಂದು ಎಣಿಸು.